ಕಬಡ್ಡಿ ತಂಡದ ಕಿಟ್‌ಗೆ 38 ಮಿ.ಮೀ. ಜಿಂಕ್ ಆಕ್ಸೈಡ್ ಟೇಪ್: ಕೊಳ್ಳಬಹುದೇ?

ಊರ ಕಬಡ್ಡಿ ತಂಡಗಳ ಫಸ್ಟ್ ಏಡ್ ಡಬ್ಬಿಯಲ್ಲಿ ಸಾಮಾನ್ಯವಾಗಿ ಇರುವುದು ನೋವಿನ ಸ್ಪ್ರೇ, ಹತ್ತಿ, ಕ್ರೇಪ್ ಬ್ಯಾಂಡೇಜ್. ಒಮ್ಮೆ ಉಳುಕಿದ ಕಾಲು ಮತ್ತೆ ಉಳುಕದಂತೆ ಕಾಯಲು ಇವು ಸಾಲವು. ಕಾಲು ಉಳುಕುವಾಗ ಬಹುತೇಕ ಪಾದ ಒಳಕ್ಕೆ ಮಗುಚಿ, ಆಂಕಲ್‌ನ (ಕಾಲಗಂಟಿನ) ಹೊರಬದಿಯ ಲಿಗಮೆಂಟ್‌ಗೆ, ಅಂದರೆ ಮೂಳೆಗಳನ್ನು ಬಿಗಿದಿಡುವ ನಾರಿಗೆ, ಪೆಟ್ಟಾಗುತ್ತದೆ. ಕ್ರೇಪ್ ಹಿಗ್ಗುವುದರಿಂದ ಬಾವು ಅದುಮೀತು, ಆ ಮಗುಚುವಿಕೆಯನ್ನು ತಡೆಯದು. ಅದಕ್ಕೆ ಜಿಂಕ್ ಆಕ್ಸೈಡ್ ಟೇಪಿನಂಥ ಹಿಗ್ಗದ ಟೇಪೇ ಬೇಕು.

38 ಮಿ.ಮೀ. ಅಗಲ, 13.7 ಮೀಟರ್ ಉದ್ದದ ರೋಲ್ ಈ ಕೆಲಸಕ್ಕೆ ಸರಿಯಾದ ಅಳತೆ. ಕೈ ಪಳಗಿದವರಿಗೆ ಒಂದು ರೋಲ್‌ನಲ್ಲಿ ಎರಡು-ಮೂರು ಕಾಲು ಆಗುತ್ತದೆ. ಕೊಳ್ಳುವಾಗ ಒಂದು ಗೇಣು ಬಿಚ್ಚಿ ನೋಡಿ: ಒಂದೇ ಬಿಗಿಯಲ್ಲಿ ಬಿಚ್ಚಿಕೊಳ್ಳಬೇಕು, ಅಡ್ಡಕ್ಕೆ ಕೈಯಲ್ಲೇ ಹರಿಯಬೇಕು, ಅಂಚಿನಲ್ಲಿ ಅಂಟು ಒಸರಿರಬಾರದು. ಬಿಸಿಲಲ್ಲಿ ನಿಲ್ಲಿಸಿದ ಬೈಕಿನ ಡಬ್ಬಿಯಲ್ಲಿಟ್ಟರೆ ಒಳ್ಳೆಯ ರೋಲೂ ಹಾಳಾಗುತ್ತದೆ.

ಟೇಪಿನ ಗುಣ ಅರ್ಧ, ಹಾಕುವ ಕೈ ಅರ್ಧ. ಕೂದಲನ್ನು ಹಿಂದಿನ ದಿನವೇ ಬೋಳಿಸಬೇಕು. ಆಗಷ್ಟೇ ಬೋಳಿಸಿದ ಚರ್ಮಕ್ಕೆ ಅಂಟಿಸಿದರೆ ಉರಿ ಖಂಡಿತ. ಕಾಲು ತೊಳೆದು ಪೂರ್ತಿ ಒರೆಸಿ, ಪಾದವನ್ನು 90 ಡಿಗ್ರಿಗೆ ನಿಲ್ಲಿಸಿ. ಮೀನಖಂಡದ ಕೆಳಗೆ ಎರಡು ಸುತ್ತು ಆಂಕರ್ (ಉಳಿದ ಪಟ್ಟಿಗಳು ಅಂಟುವ ಆಧಾರದ ಸುತ್ತು) ಹಾಕಿ, ಆದರೆ ಎಳೆಯಬೇಡಿ. ನಂತರ ಒಳಬದಿಯಿಂದ ಇಳಿಸಿ, ಹಿಮ್ಮಡಿಯಡಿ ಹಾಯಿಸಿ, ಹೊರಬದಿಗೆ ಎಳೆದು ಆಂಕರ್‌ಗೆ ಮುಟ್ಟಿಸಿ. ಇದು ಸ್ಟಿರಪ್. ಒಂದರ ಮೇಲೊಂದು ಅರ್ಧ ಅಗಲ ಕೂಡುವಂತೆ ಮೂರು ಬೇಕು. ದಿಕ್ಕು ತಿರುಗಿಸಿ ಹೊರಗಿನಿಂದ ಒಳಕ್ಕೆ ಎಳೆದರೆ ಟೇಪೇ ಪಾದವನ್ನು ಒಳಕ್ಕೆ ಮಗುಚುತ್ತದೆ, ಹೊಸಬರು ಇಲ್ಲೇ ಎಡವುತ್ತಾರೆ. ಎರಡೂ ಬದಿ ಹೀಲ್ ಲಾಕ್ (ಹಿಮ್ಮಡಿ ಅಲುಗದಂತೆ ಓರೆಯಾಗಿ ಸುತ್ತುವ ಪಟ್ಟಿ) ಹಾಕಿ ಮುಗಿಸಿ. ಹೆಬ್ಬೆರಳ ಉಗುರು ಒತ್ತಿ ಬಿಟ್ಟಾಗ ಎರಡು ಸೆಕೆಂಡಿನೊಳಗೆ ಕೆಂಪು ಮರಳದಿದ್ದರೆ ಬಿಚ್ಚಿ ಮತ್ತೆ ಹಾಕಿ.

ಕಬಡ್ಡಿಗೆ ಇನ್ನೊಂದು ತೊಡಕಿದೆ. ಎದುರಾಳಿ ಆಂಕಲ್ ಹೋಲ್ಡ್ ಹಾಕಿದಾಗ ಬೆರಳು ಟೇಪಿನ ತುದಿಗೆ ಸಿಕ್ಕಿ ಕಿತ್ತು ಬರುತ್ತದೆ. ಮೇಲೊಂದು ಸುತ್ತು ಎಲಾಸ್ಟಿಕ್ ಟೇಪ್ ಮುಚ್ಚಿದರೆ ನಿಲ್ಲುತ್ತದೆ. ಹಿಮ್ಮಡಿಯ ಹಿಂದೆ, ಪಾದದ ಮಡಿಕೆಯ ಮುಂದೆ ಬೊಬ್ಬೆ ಏಳದಂತೆ ವ್ಯಾಸಲಿನ್ ಹಚ್ಚಿದ ಸ್ಪಂಜ್ ತುಂಡು ಇಡುವ ರೂಢಿಯಿದೆ. ಮೈಗೆ ಎಣ್ಣೆಯಂಥದ್ದು ಹಚ್ಚುವುದು ಕಬಡ್ಡಿ ನಿಯಮಕ್ಕೆ ವಿರುದ್ಧ, ಹಾಗಾಗಿ ವ್ಯಾಸಲಿನ್ ಟೇಪಿನಿಂದ ಹೊರಗೆ ಚೂರೂ ಬರಬಾರದು. ಮಣ್ಣಿನ ಅಂಕಣದಲ್ಲಿ ಬರಿಗಾಲಲ್ಲಿ ಆಡುವವರಿಗೆ ಅಂಗಾಲಿನ ಭಾಗದ ಟೇಪ್ ಬೇಗ ಏಳುತ್ತದೆ. ಮ್ಯಾಟ್‌ನಲ್ಲಿ ಶೂ ಹಾಕಿದವರಿಗೆ ಈ ಕಾಟ ಕಡಿಮೆ.

ದೊಡ್ಡ ಕೊರತೆಯೆಂದರೆ ಬೆವರು. ಅರ್ಧ ಗಂಟೆಯ ಆಟಕ್ಕೇ ಬಿಗಿ ಸಡಿಲುತ್ತದೆ. 20 ನಿಮಿಷಗಳ ಎರಡು ಅವಧಿಯ ಪಂದ್ಯದಲ್ಲಿ 5 ನಿಮಿಷದ ವಿರಾಮವನ್ನು ಸ್ಟಿರಪ್ ಮೇಲೆ ಹೊಸದೊಂದು ಪಟ್ಟಿ ಕೂರಿಸಲು ಬಳಸಿ. ದಿನಕ್ಕೆ ಮೂರು ಪಂದ್ಯದ ಟೂರ್ನಿಯಾದರೆ ಖರ್ಚು ಏರುತ್ತದೆ. ಪದೇ ಪದೇ ಉಳುಕುವ ಆಟಗಾರನಿಗೆ, ಅದರಲ್ಲೂ ಶೂ ಹಾಕಿ ಆಡುವವನಿಗೆ, ಲೇಸ್ ಕಟ್ಟುವ ಆಂಕಲ್ ಬ್ರೇಸ್ ಕೊಡಿಸುವುದೇ ಲೇಸು.

ಆಟದ ನಡುವೆ ಉಳುಕಿದ ಕಾಲಿಗೆ ಈ ಟೇಪ್ ಸುತ್ತಿ ಮತ್ತೆ ಅಂಕಣಕ್ಕಿಳಿಸಲೇಬೇಡಿ. ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಅಥವಾ ಕಾಲಗಂಟಿನ ಮೂಳೆ ಮುಟ್ಟಿದರೆ ನೋವಿದ್ದರೆ ಎಕ್ಸ್‌ರೇ ಆಗಬೇಕು. ಅಂಟಿಗೆ ತುರಿಕೆ, ಗುಳ್ಳೆ ಬರುವವರಿಗೂ ಇದು ಆಗದು. ಬಿಚ್ಚುವಾಗ ಮೊಂಡು ತುದಿಯ ಕತ್ತರಿಯಿಂದ ಗಂಟಿನ ಹಿಂಬದಿಯಲ್ಲಿ ಕತ್ತರಿಸಿ, ಚರ್ಮವನ್ನು ಒತ್ತಿ ಹಿಡಿದು, ಟೇಪನ್ನು ಮೇಲಕ್ಕೆ ಕೀಳದೆ ಚರ್ಮಕ್ಕೆ ತಾಗಿದಂತೆಯೇ ಹಿಂದಕ್ಕೆ ಮಡಚುತ್ತ ಎಳೆಯಿರಿ.