ರೋಲ್ಯಾಂಡ್ ಜಿಕೆ-3: ಮಿಡಿ ಕಳಿಸದ ಮಿಡಿ ಪಿಕಪ್

ಹೆಸರಿನಿಂದಲೇ ಶುರು ಮಾಡೋಣ. ಗಿಟಾರ್ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವುದು ಪಿಕಪ್; ಯಾವ ಸ್ವರ, ಎಷ್ಟು ಜೋರು ಎಂದು ವಾದ್ಯಗಳಿಗೂ ಕಂಪ್ಯೂಟರಿಗೂ ಹೇಳುವ ಸಂದೇಶದ ಭಾಷೆ ಮಿಡಿ. ಅಂಗಡಿಯವರೂ ಕೊಳ್ಳುವವರೂ ಗಿಟಾರಿನ ಜಿಕೆ-3ಯನ್ನು ‘ಮಿಡಿ ಪಿಕಪ್’ ಎನ್ನುತ್ತಾರೆ. ಆದರೆ ಇದರಿಂದ ಒಂದೇ ಒಂದು ಮಿಡಿ ಸಂದೇಶವೂ ಹೊರಡುವುದಿಲ್ಲ. ಮಾಮೂಲಿ ಪಿಕಪ್ ಆರೂ ತಂತಿಗಳ ಸದ್ದನ್ನು ಕಲಸಿ ಒಂದಾಗಿ ಕಳಿಸಿದರೆ, ಇದು ಆರು ಪುಟ್ಟ ಪಿಕಪ್‌ಗಳನ್ನು ಸಾಲಾಗಿ ಇಟ್ಟು ಪ್ರತಿ ತಂತಿಯ ಸದ್ದನ್ನೂ ಬೇರೆಬೇರೆಯಾಗಿ ಕಳಿಸುತ್ತದೆ. ಅಷ್ಟೇ ಇದರ ಕೆಲಸ. ಆ ಸದ್ದನ್ನು ಕೇಳಿ ‘ಇದು ಗಾಂಧಾರ, ಇಷ್ಟು ಜೋರು’ ಎಂದು ಮಿಡಿಗೆ ಬರೆಯುವುದು ಕೇಬಲ್ಲಿನ ಆ ತುದಿಯಲ್ಲಿರುವ ಪೆಟ್ಟಿಗೆ: ಜಿಆರ್-55, ಜಿಪಿ-10, ಎಸ್‌ವೈ-1000, ಹಳೆಯ ಜಿಐ-20, ಯಾವುದಾದರೂ. ತಂತಿ ಮಿಡಿಯುವುದು ಎಂಬ ಕನ್ನಡದ ಅರ್ಥದಲ್ಲಾದರೆ ಹೆಸರು ಒಪ್ಪುತ್ತದೆ ಬಿಡಿ. ಅಷ್ಟಕ್ಕೂ ಮಿಡಿ ಬಂದದ್ದು 1983ರಲ್ಲಿ. ರೋಲ್ಯಾಂಡ್‌ನ ಮೊದಲ ಗಿಟಾರ್ ಸಿಂಥ್ (ಗಿಟಾರ್ ನುಡಿಸಿ ಬೇರೆ ಸದ್ದು ಹುಟ್ಟಿಸುವ ಯಂತ್ರ) ಜಿಆರ್-500 ಬಂದದ್ದು 1977ರಲ್ಲಿ.

ಈ ವ್ಯತ್ಯಾಸ ಗೊತ್ತಿಲ್ಲದೆ ಬರೀ ಪಿಕಪ್ ಕೊಂಡು ಕಂಪ್ಯೂಟರಿಗೆ ಎಲ್ಲಿ ಚುಚ್ಚುವುದು ಎಂದು ಹುಡುಕುವವರು ಬಹಳ. ಚುಚ್ಚಲು ಜಾಗವಿಲ್ಲ. ಜಿಕೆ-3ಯ ಸಾಕೆಟ್ 13 ಪಿನ್ನಿನದು. 1ರಿಂದ 6 ಪಿನ್ ಆರು ತಂತಿಗಳಿಗೆ, 7 ಗಿಟಾರಿನ ಮಾಮೂಲಿ ಪಿಕಪ್‌ಗೆ, 8 ಜಿಕೆ ವಾಲ್ಯೂಮ್ ಗುಂಡಿಗೆ, 10 ಮತ್ತು 11 ಎರಡು ಒತ್ತುಗುಂಡಿಗಳಿಗೆ, 12 ಮತ್ತು 13 ಪೆಟ್ಟಿಗೆಯಿಂದ ಬರುವ ಪ್ಲಸ್ 7, ಮೈನಸ್ 7 ವೋಲ್ಟ್ ವಿದ್ಯುತ್ತಿಗೆ. ಹಾಗಾಗಿ ಪಿಕಪ್‌ಗೆ ಬ್ಯಾಟರಿ ಬೇಡ. ಐದು ಪಿನ್ನಿನ ಮಿಡಿ ಕೇಬಲ್ಲಿಗೂ ಇದಕ್ಕೂ ನೆಂಟಸ್ತನವಿಲ್ಲ.

ಎರಡು ತುಂಡುಗಳಿವೆ. ಒಂದು, ಬ್ರಿಡ್ಜ್ (ಗಿಟಾರಿನ ಮೈಮೇಲೆ ತಂತಿಗಳಿಗಿರುವ ಆಸರೆ) ಪಕ್ಕ ತಂತಿಗಳ ಕೆಳಗೆ ಕೂರುವ ತೆಳು ಪಟ್ಟಿ. ಇನ್ನೊಂದು, ಗಿಟಾರಿನ ಹಿಂಬದಿಯ ಸ್ಟ್ರಾಪ್ ಗುಂಡಿಯ ಹತ್ತಿರ ಕೂರುವ ಡಬ್ಬಿ. ಗಿಟಾರಿನ ಔಟ್‌ಪುಟ್ ಜ್ಯಾಕಿನಿಂದ ಒಂದು ಮೋಟು ಕೇಬಲ್ ಈ ಡಬ್ಬಿಗೆ ಬರುತ್ತದೆ. ಡಬ್ಬಿಯ ಮೇಲಿನ ಸ್ವಿಚ್ಚಿಗೆ ಮೂರು ನೆಲೆ: ಗಿಟಾರ್ ಮಾತ್ರ, ಎರಡೂ, ಸಿಂಥ್ ಮಾತ್ರ. ಸಿಂಥ್ ಕೇಳುತ್ತಿಲ್ಲ ಎಂಬ ದೂರು ಬಂದಾಗ ಮೊದಲು ನೋಡಬೇಕಾದ್ದು ಈ ಸ್ವಿಚ್ಚು, ಆಮೇಲೆ ಜಿಕೆ ವಾಲ್ಯೂಮ್ ಸೊನ್ನೆಗೆ ತಿರುಗಿದೆಯೇ ಎಂಬುದು. ಕೈ ತಾಗಿ ತಿರುಗುವುದು ಮಾಮೂಲು.

ಈಗ ಮುಖ್ಯ ವಿಷಯ: ಕೂರಿಸುವುದು. ಈ ಪಿಕಪ್ ಚೆನ್ನಾಗಿಲ್ಲ ಎನ್ನುವವರಲ್ಲಿ ಹೆಚ್ಚಿನವರ ಗಿಟಾರಿನಲ್ಲಿ ಅದು ಮಿಲಿಮೀಟರ್ ಲೆಕ್ಕದಲ್ಲಿ ತಪ್ಪಾಗಿ ಕೂತಿರುತ್ತದೆ.

ಪಟ್ಟಿ ಬ್ರಿಡ್ಜಿಗೆ ಆದಷ್ಟು ಹತ್ತಿರ ಇರಬೇಕು, ಬ್ರಿಡ್ಜ್ ಪಿಕಪ್ಪಿಗೂ ಬ್ರಿಡ್ಜಿನ ಮೇಲೆ ತಂತಿ ಕೂರುವ ಸ್ಯಾಡಲ್ಲುಗಳಿಗೂ ನಡುವೆ. ತಂತಿ ಅಲ್ಲಿ ಕಡಿಮೆ ಅಲುಗಾಡುತ್ತದೆ, ಪಕ್ಕದ ಪುಟ್ಟ ಪಿಕಪ್ಪಿನ ಸುರುಳಿಯ ಕ್ಷೇತ್ರಕ್ಕೆ ಹೋಗುವುದಿಲ್ಲ. ಪಟ್ಟಿ ಕುತ್ತಿಗೆಯ ಕಡೆ ಸರಿದಷ್ಟೂ ಒಂದು ತಂತಿಯ ಸದ್ದು ಇನ್ನೊಂದರ ಸುರುಳಿಯಲ್ಲಿ ಕೇಳಿಸತೊಡಗುತ್ತದೆ. ಎತ್ತರಕ್ಕೆ ಲೆಕ್ಕ ಹೀಗೆ: ಆರನೆಯ ತಂತಿಯನ್ನು, ಅಂದರೆ ಎಲ್ಲಕ್ಕಿಂತ ದಪ್ಪನೆಯದನ್ನು, ಕಟ್ಟಕಡೆಯ ಫ್ರೆಟ್ಟಿನಲ್ಲಿ ಒತ್ತಿ ಹಿಡಿದು, ತಂತಿಗೂ ಪಟ್ಟಿಯ ಮೇಲ್ಮೈಗೂ ನಡುವೆ 1 ಮಿ.ಮೀ. ಬಿಡಬೇಕು. ಒಂದನೆಯ ತಂತಿಗೂ ಹಾಗೆಯೇ. ಅಳತೆಯ ಪಟ್ಟಿ ಇಲ್ಲದಿದ್ದರೆ ಎಟಿಎಂ ಕಾರ್ಡು ಇದೆ, ಅದರ ದಪ್ಪ 0.76 ಮಿ.ಮೀ.; ಜೊತೆಗೆ ಒಂದು ಗಟ್ಟಿ ವಿಸಿಟಿಂಗ್ ಕಾರ್ಡ್ ಸೇರಿಸಿದರೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಒತ್ತದೆ ಬಿಟ್ಟ ತಂತಿಯಲ್ಲಿ ಅಳೆಯುವುದು ಎಲ್ಲರೂ ಮಾಡುವ ತಪ್ಪು. ಹಾಗೆ ಅಳೆದರೆ ಮೇಲಿನ ಫ್ರೆಟ್ಟುಗಳಲ್ಲಿ ತಂತಿ ಪಟ್ಟಿಗೆ ಬಡಿಯುತ್ತದೆ.

ಅಡ್ಡಕ್ಕೂ ನೋಡಿ. ಪ್ರತಿ ತಂತಿಯೂ ತನ್ನ ಸುರುಳಿಯ ನಡುಮಧ್ಯದ ಮೇಲೆ ಹಾದುಹೋಗಬೇಕು. ತಂತಿಗಳ ಅಂತರ ಗಿಟಾರಿನಿಂದ ಗಿಟಾರಿಗೆ ಬೇರೆ, ಆದ್ದರಿಂದ ಆರೂ ಕರಾರುವಾಕ್ಕಾಗಿ ಕೂರದಿರಬಹುದು. ಆಗ ಮೊದಲನೆಯದಕ್ಕೂ ಆರನೆಯದಕ್ಕೂ ಸಮನಾಗಿ ತಪ್ಪು ಹಂಚಿ.

ಸ್ಟ್ರಾಟ್ ಮಾದರಿಯ ಗಿಟಾರಿಗೆ ಇದು ಸಲೀಸಾಗಿ ಕೂರುತ್ತದೆ. ಲೆಸ್ ಪಾಲ್ ಮಾದರಿಯಲ್ಲಿ ತಂತಿ ಮರದಿಂದ ಎತ್ತರದಲ್ಲಿರುವುದರಿಂದ ಪಟ್ಟಿಯ ಅಡಿಗೆ ಮೆತ್ತೆ ಇಟ್ಟು ಎತ್ತರಿಸಬೇಕು. ಹಳೆಯ ಮಾದರಿಯ ಟೆಲಿಕಾಸ್ಟರಿನಲ್ಲಿ ಪಿಕಪ್ಪೂ ಸ್ಯಾಡಲ್ಲುಗಳೂ ಒಂದೇ ಲೋಹದ ತಟ್ಟೆಯಲ್ಲಿವೆ, ಮೇಲಾಗಿ ಪಿಕಪ್ ಓರೆಯಾಗಿದೆ. ಅಲ್ಲಿ ಜಾಗವೇ ಕಷ್ಟ. ನೈಲಾನ್ ತಂತಿಯ ಗಿಟಾರಿಗೆ ಇದು ಬೇಡವೇ ಬೇಡ, ಇದು ಅಯಸ್ಕಾಂತದ ಪಿಕಪ್. ಅದಕ್ಕೆ ಗ್ರಾಫ್ ಟೆಕ್ ಘೋಸ್ಟ್‌ನಂಥ, ಅಯಸ್ಕಾಂತವಿಲ್ಲದೆ ಒತ್ತಡದಿಂದ ಕಂಪನ ಹಿಡಿಯುವ ಪೀಜೋ ಸ್ಯಾಡಲ್ ವ್ಯವಸ್ಥೆಯೇ ದಾರಿ.

ಮೊದಲೇ ಸ್ಕ್ರೂ ಹೊಡೆಯಬೇಡಿ. ಎರಡೂ ಬದಿಯ ಅಂಟುಪಟ್ಟಿಯಿಂದ ಒಂದು ವಾರ ನುಡಿಸಿ, ಜಾಗ ಖಾತ್ರಿಯಾದ ಮೇಲೆ ತೂತು ಕೊರೆಯಿರಿ. ಗಿಟಾರಿಗೆ ನೈಟ್ರೋ ಲ್ಯಾಕರ್ ಬಣ್ಣವಿದ್ದರೆ ಅಂಟನ್ನೂ ನೇರವಾಗಿ ಹಚ್ಚಬೇಡಿ, ಕೆಲವು ಅಂಟು ಆ ಬಣ್ಣವನ್ನು ಕೊರೆಯುತ್ತದೆ.

ಕೂರಿಸಿದ ಮೇಲೆ ಪೆಟ್ಟಿಗೆಯ ಜಿಕೆ ಸೆಟ್ಟಿಂಗಿಗೆ ಹೋಗಿ. ಪಿಕಪ್ಪಿನ ಬಗೆ, ಗಿಟಾರಿನ ಸ್ಕೇಲ್ ಉದ್ದ (ಮೀಟಿದಾಗ ಕಂಪಿಸುವ ತೆರೆದ ತಂತಿಯ ಉದ್ದ), ಪಟ್ಟಿ ಕೂತ ದಿಕ್ಕು ಇವನ್ನು ಹೇಳಿದ ಬಳಿಕ ಸೆನ್ಸಿಟಿವಿಟಿ. ಒಂದನೆಯ ತಂತಿ ಮೀಟಿದರೆ ಪರದೆಯಲ್ಲಿ ಆರನೆಯದರ ಗೆರೆ ಏರಿದರೆ ದಿಕ್ಕು ಉಲ್ಟಾ ಆಗಿದೆ, ಸೆಟ್ಟಿಂಗಿನಲ್ಲೇ ತಿರುಗಿಸಬಹುದು. ಸೆನ್ಸಿಟಿವಿಟಿಯನ್ನು ತಂತಿತಂತಿಗೂ ಬೇರೆಯಾಗಿ ಹೊಂದಿಸಬೇಕು: ನೀವು ವೇದಿಕೆಯ ಮೇಲೆ ಎಷ್ಟು ಜೋರಾಗಿ ಮೀಟುತ್ತೀರೋ ಅಷ್ಟೇ ಜೋರಾಗಿ ಮೀಟಿ, ಗೆರೆ ತುದಿ ಮುಟ್ಟುವುದಕ್ಕೆ ಸ್ವಲ್ಪ ಮೊದಲು ನಿಲ್ಲುವಂತೆ ಮಾಡಿ. ಮನೆಯಲ್ಲಿ ರಾತ್ರಿ ಹನ್ನೊಂದಕ್ಕೆ ಮೆಲ್ಲಗೆ ಮೀಟಿ ಹೊಂದಿಸಿದ್ದು ಕಾರ್ಯಕ್ರಮದಲ್ಲಿ ಕೈಕೊಡುತ್ತದೆ. ಹೆಚ್ಚಾದರೆ ಬೆರಳು ಸವರಿದ್ದಕ್ಕೂ ಸ್ವರ ಹುಟ್ಟುತ್ತದೆ, ಕಡಿಮೆಯಾದರೆ ಮೆತ್ತಗಿನ ಸ್ವರ ಬೀಳುವುದೇ ಇಲ್ಲ. ಜಿಆರ್-55ರಲ್ಲಿ ಪ್ರತಿ ಸ್ಯಾಡಲ್ಲಿನಿಂದ ಪಿಕಪ್ಪಿಗೆ ಎಷ್ಟು ಮಿ.ಮೀ. ಎಂದೂ ಕೇಳುತ್ತದೆ. ಗಿಟಾರ್ ಮಾಡೆಲಿಂಗ್ ಸದ್ದು (ತಂತಿಯ ಸದ್ದನ್ನೇ ತಿದ್ದಿ ಬೇರೆ ಗಿಟಾರಿನಂತೆ ಕೇಳಿಸುವುದು) ಬಳಸುವವರು ಇದನ್ನು ಅಳೆದೇ ತುಂಬಬೇಕು.

ಮೀಟಿದ ಮೇಲೆ ಸಿಂಥ್ ಸದ್ದು ಕೇಳುವವರೆಗಿನ ತಡದ ಮಾತಿಗೆ ಬರೋಣ, ಎಲ್ಲರೂ ಬೈಯುವುದು ಅದನ್ನೇ. ಸ್ವರ ಯಾವುದೆಂದು ತಿಳಿಯಲು ಪೆಟ್ಟಿಗೆ ತಂತಿಯ ಕಂಪನದ ಒಂದಾದರೂ ಪೂರ್ಣ ಸುತ್ತನ್ನು ಕೇಳಬೇಕು, ಸಾಮಾನ್ಯವಾಗಿ ಎರಡರ ಹತ್ತಿರ. ತೆರೆದ ಆರನೆಯ ತಂತಿ ಸೆಕೆಂಡಿಗೆ 82.4 ಸಲ ಕಂಪಿಸುತ್ತದೆ. ಒಂದು ಸುತ್ತಿಗೆ 12 ಮಿಲಿಸೆಕೆಂಡ್, ಎರಡಕ್ಕೆ 24. ಐದನೆಯದು 110, ಸುತ್ತಿಗೆ 9 ಮಿಲಿಸೆಕೆಂಡ್. ಒಂದನೆಯದು 329.6, ಸುತ್ತಿಗೆ ಬರೀ 3. ಅಂದರೆ ಒಂದೇ ಕಾರ್ಡ್ ಮೀಟಿದರೂ ಮೇಲಿನ ಸ್ವರ ಮೊದಲು, ಮಂದ್ರದ ಸ್ವರ ಆಮೇಲೆ. ಇದು ಪಿಕಪ್ಪಿನ ದೋಷವಲ್ಲ, ದುಬಾರಿ ಪೆಟ್ಟಿಗೆ ತಂದರೂ ತೆರೆದ ತಂತಿಯ ಕಂಪನ ಬೇಗವಾಗುವುದಿಲ್ಲ. ಆರನೆಯ ತಂತಿಯನ್ನು ಸಿ ಸ್ವರಕ್ಕೆ ಇಳಿಸುವ ಡ್ರಾಪ್ ಸಿ ಟ್ಯೂನಿಂಗಿನವರಿಗೆ ಇನ್ನೂ ಕಷ್ಟ: 65.4 ಹರ್ಟ್ಸ್, ಸುತ್ತಿಗೆ 15 ಮಿಲಿಸೆಕೆಂಡಿಗೂ ಮೇಲೆ.

ಉಪಾಯವಿದೆ. ಬಾಸ್ ನುಡಿಸಬೇಕಾದರೆ ಆರನೆಯ ತಂತಿಯನ್ನು ಮುಟ್ಟಬೇಡಿ. ನಾಲ್ಕನೆಯ, ಮೂರನೆಯ ತಂತಿಯಲ್ಲಿ ಒಂದು ಸ್ಥಾಯಿ ಮೇಲೆ ನುಡಿಸಿ, ಸಿಂಥಿನಲ್ಲಿ 12 ಸ್ವರಸ್ಥಾನ ಕೆಳಗಿಳಿಸಿ. ಬರೀ ಸಿಂಥಿಗೇ ಒಂದು ಗಿಟಾರ್ ಮೀಸಲಿಟ್ಟವರು ಕೆಳಗಿನ ತಂತಿಗಳ ಜಾಗಕ್ಕೆ ತೆಳು ತಂತಿ ಹಾಕಿ ಸ್ಥಾಯಿ ಏರಿಸಿ, ಪೆಟ್ಟಿಗೆಯಲ್ಲಿ ಇಳಿಸುವುದೂ ಉಂಟು. ಕಂಪ್ಯೂಟರಿನಲ್ಲಿ ಸದ್ದು ಹುಟ್ಟಿಸುವವರು ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟು ಕಳಿಸುವ ಸದ್ದಿನ ತುಣುಕು) ನೋಡಿಕೊಳ್ಳಿ: 48 ಕಿಲೋಹರ್ಟ್ಸಿನಲ್ಲಿ 512 ಸ್ಯಾಂಪಲ್ ಬಫರ್ ಎಂದರೆ ಸುಮಾರು 10.7 ಮಿಲಿಸೆಕೆಂಡ್, 64 ಎಂದರೆ 1.3. ಪಿಕಪ್ಪನ್ನು ಬೈಯುವ ಮೊದಲು ಇಲ್ಲಿ ಗಿಟ್ಟುವ ಒಂಬತ್ತು ಮಿಲಿಸೆಕೆಂಡ್ ಗಿಟ್ಟಿಸಿ. ಮಾಡೆಲಿಂಗ್ ಸದ್ದುಗಳಿಗೆ ಈ ರಗಳೆಯಿಲ್ಲ, ಅವು ಸ್ವರ ಗುರುತಿಸಲು ಕಾಯುವುದಿಲ್ಲ, ತಂತಿಯ ಸದ್ದನ್ನೇ ತಿದ್ದಿ ಕೊಡುತ್ತವೆ.

ಮಿಡಿ ರೆಕಾರ್ಡ್ ಮಾಡುವಾಗ ಮೋನೋ ಮೋಡ್ ಬಳಸಿ: ಆರು ತಂತಿಗೆ ಆರು ಚಾನೆಲ್. ಎಲ್ಲವನ್ನೂ ಒಂದೇ ಚಾನೆಲ್ಲಿಗೆ ತುಂಬಿದರೆ ಒಂದು ತಂತಿ ಎಳೆದಾಗ ಪಿಚ್ ಬೆಂಡ್ (ಸ್ವರವನ್ನು ಏರಿಸಿ ಇಳಿಸುವ ಮಿಡಿ ಸಂದೇಶ) ಇಡೀ ಕಾರ್ಡಿಗೆ ತಗಲುತ್ತದೆ, ಕೇಳಲಾಗದು. ಆಚೆ ಕಡೆಯ ವಾದ್ಯವೂ ಚಾನೆಲ್ಲಿಗೊಂದು ಸ್ವರ ನುಡಿಸುವಂಥದ್ದಾಗಿರಬೇಕು. ಇನ್ನು ಬೆಂಡ್ ರೇಂಜ್, ಅಂದರೆ ಬೆಂಡ್ ಗರಿಷ್ಠ ಎಷ್ಟು ಸ್ವರಸ್ಥಾನ ಸರಿಯಬಹುದು ಎಂಬುದು. ಪೆಟ್ಟಿಗೆಯಲ್ಲಿ 12, ಸಾಫ್ಟ್‌ವೇರಿನಲ್ಲಿ 2 ಇದ್ದರೆ ನೀವು ಎರಡು ಸ್ವರಸ್ಥಾನ ಎಳೆದರೂ ಅಲ್ಲಿ ಕೇಳುವುದು ಒಂದು ಸ್ವರಸ್ಥಾನದ ಮೂರನೇ ಒಂದು ಭಾಗ. ಶ್ರುತಿ ಬಿಟ್ಟಂತಾಗುತ್ತದೆ, ಜನ ಟ್ಯೂನರ್ ತೆಗೆದು ಗಿಟಾರ್ ತಿರುಚುತ್ತಾ ಕೂರುತ್ತಾರೆ. ಎರಡೂ ಕಡೆ ಒಂದೇ ಅಂಕೆ ಇಡಿ, 12 ಅಥವಾ 24.

ಕರ್ನಾಟಕ ಸಂಗೀತ ನುಡಿಸುವವರಿಗೆ ಇದೇ ಜೀವಾಳ. ಪೆಟ್ಟಿಗೆಯಲ್ಲಿ ಕ್ರೋಮ್ಯಾಟಿಕ್ ಎಂಬ ಆಯ್ಕೆ ಆನ್ ಆಗಿದ್ದರೆ ಪ್ರತಿ ಎಳೆತವೂ ಹತ್ತಿರದ ಸ್ವರಸ್ಥಾನಕ್ಕೆ ಹಾರುತ್ತದೆ, ತೋಡಿಯ ಗಾಂಧಾರ ಹಾರ್ಮೋನಿಯಂ ಆಗುತ್ತದೆ. ಅದನ್ನು ಆಫ್ ಮಾಡಿ. ತಂತಿ ಎಳೆದು ಮಾಡುವ ಕಂಪಿತ ಚೆನ್ನಾಗಿ ಬರುತ್ತದೆ. ಜಾರು, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದು, ಫ್ರೆಟ್ಟುಗಳ ಮೇಲೆ ಹೋಗುವುದರಿಂದ ಮೆಟ್ಟಿಲು ಮೆಟ್ಟಿಲಾಗಿ ಕೇಳಬಹುದು. ಒಂದೇ ಸ್ವರವನ್ನು ಎರಡನೆಯ ಸಲ ಒತ್ತು ಕೊಟ್ಟು ನುಡಿಸುವ ಸ್ಫುರಿತಕ್ಕೆ ಎಡಗೈ ಬಡಿತ ಸಾಲದು. ಹೊಸ ಮೀಟಿನ ಗುರುತು ಸಿಗದೆ ಅದನ್ನು ಬರೀ ಬೆಂಡ್ ಎಂದು ಬರೆಯುವುದುಂಟು, ಎರಡನೆಯ ಸ್ವರಕ್ಕೆ ಬೇಕಾದ ಒತ್ತು ಬೀಳುವುದಿಲ್ಲ. ಸದ್ದಿನ ಆಯ್ಕೆಯೂ ಮುಖ್ಯ: ಕೊಳಲು, ಪಿಟೀಲು, ಸಾಮಾನ್ಯ ಸಿಂಥ್ ಸದ್ದು ಎಳೆತ ತಡೆಯುತ್ತವೆ. ಪಿಯಾನೊ ತಡೆಯುವುದಿಲ್ಲ, ನೀರಿನಲ್ಲಿ ಅದ್ದಿದ ಹಾಗೆ ಕೇಳುತ್ತದೆ.

ಬೇಡದ ಸ್ವರಗಳು ಹುಟ್ಟುವುದಕ್ಕೆ ಕಾರಣ ಹೆಚ್ಚಾಗಿ ಕೈ. ಎಡಗೈ ಎತ್ತುವಾಗ ತೆರೆದ ತಂತಿ ಮಿಡಿದರೆ ಆಂಪ್ಲಿಫೈಯರಿನಲ್ಲಿ ಅದು ಯಾರಿಗೂ ಕೇಳದು, ಸಿಂಥಿನಲ್ಲಿ ಅದೇ ಒಂದು ಪೂರ್ತಿ ಟ್ರಂಪೆಟ್. ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ನಟ್ಟಿನ ಪಕ್ಕ ಕೂದಲಿಗೆ ಕಟ್ಟುವ ಬಟ್ಟೆ ಬ್ಯಾಂಡ್ ಸುತ್ತಿದರೆ ತೆರೆದ ತಂತಿಗಳ ಅನುರಣನ ಅರ್ಧಕ್ಕರ್ಧ ನಿಲ್ಲುತ್ತದೆ. ಬ್ರಿಡ್ಜ್ ಪಕ್ಕ ಮೀಟಬೇಡಿ, ಅಲ್ಲಿ ಮೇಲಿನ ಹಾರ್ಮೋನಿಕ್ಕುಗಳು ಜೋರಾಗಿ, ಪೆಟ್ಟಿಗೆ ಸ್ಥಾಯಿ ತಪ್ಪುತ್ತದೆ. ಕುತ್ತಿಗೆಯ ಪಿಕಪ್ಪಿನ ಮೇಲೆ ಮೀಟಿ. ಅಂಗೈ ಇಟ್ಟು ಮಂಕಾಗಿಸಿದ ಸ್ವರಕ್ಕೂ ಇದೇ ಗತಿ. ತಂತಿ ಫ್ರೆಟ್ಟಿಗೆ ತಾಗಿ ಗರಗರ ಎಂದರೆ ಸ್ವರ ಎರಡೆರಡು ಸಲ ಬೀಳುತ್ತದೆ, ಆಕ್ಷನ್ (ಫ್ರೆಟ್ಟಿನಿಂದ ತಂತಿಯ ಎತ್ತರ) ಸ್ವಲ್ಪ ಎತ್ತರಿಸಿ. ಹಳೆಯ ಸುತ್ತು ತಂತಿಗಳ ಹಾರ್ಮೋನಿಕ್ಕುಗಳು ಶ್ರುತಿಯಲ್ಲಿರುವುದಿಲ್ಲ, ಅದು ಪೆಟ್ಟಿಗೆಗೆ ದಿಕ್ಕು ತಪ್ಪಿಸುತ್ತದೆ. ಮಂಗಳೂರು, ಉಡುಪಿ ಕಡೆಯ ಉಪ್ಪುಗಾಳಿಯಲ್ಲಿರುವವರು ತಂತಿ ಬದಲಿಸುವುದನ್ನು ಮುಂದೂಡಬಾರದು.

ಕೇಬಲ್ ಬಗ್ಗೆ: ದಪ್ಪ, ಬಿರುಸು, ಓಡಾಡಿ ನುಡಿಸುವವರಿಗೆ ಕಾಲಿಗೆ ಕಟ್ಟಿದ ಹಗ್ಗ. ಪಿನ್ನುಗಳು ತೆಳು, ಓರೆಯಾಗಿ ನೂಕಿದರೆ ಬಾಗುತ್ತವೆ. ಸ್ಟ್ರಾಪಿನೊಳಗೆ ಒಂದು ಸುತ್ತು ತೂರಿಸಿ, ಕಾಲು ತಗುಲಿದಾಗ ಎಳೆತ ಸ್ಟ್ರಾಪಿಗೆ ಬೀಳಲಿ. ಹಾಕುವಾಗ, ತೆಗೆಯುವಾಗ ಪೆಟ್ಟಿಗೆ ಆಫ್ ಇರಲಿ. ಕೇಬಲ್ ಬೇಡವೇ ಬೇಡ ಎನ್ನುವವರಿಗೆ ಫಿಶ್‌ಮನ್ ಟ್ರಿಪಲ್‌ಪ್ಲೇ ಇದೆ. ಅದು ಯುಎಸ್‌ಬಿ ರಿಸೀವರಿಗೆ ಗಾಳಿಯಲ್ಲೇ ಮಿಡಿ ಕಳಿಸುತ್ತದೆ, ಆದರೆ ಮಾಡೆಲಿಂಗ್ ಪೆಟ್ಟಿಗೆಗಳಿಗೆ ಬೇಕಾದ ಆರು ಸದ್ದು ಅದರಿಂದ ಸಿಗದು. ಹಾಡು ಬರೆದಿಡಲು ಮಾತ್ರ ಮಿಡಿ ಬೇಕಾದವರು ಜಾಮ್ ಒರಿಜಿನ್‌ನ ಮಿಡಿ ಗಿಟಾರ್ ಸಾಫ್ಟ್‌ವೇರನ್ನು ಮೊದಲು ಪರೀಕ್ಷಿಸಲಿ, ಮಾಮೂಲಿ ಪಿಕಪ್ಪೂ ಆಡಿಯೋ ಇಂಟರ್‌ಫೇಸೂ ಸಾಕು, ಗಿಟಾರಿಗೆ ಏನನ್ನೂ ಅಂಟಿಸಬೇಕಿಲ್ಲ.

ಪ್ಯಾಡ್ (ಹಿನ್ನೆಲೆಯ ನೀಳ ಸದ್ದು), ಸ್ಟ್ರಿಂಗ್ಸ್ (ಪಿಟೀಲು ಮೇಳದ ಸದ್ದು), ಕೊಳಲಿನ ಸಾಲು, ಗಿಟಾರಿನ ಜೊತೆ ಮೆಲ್ಲನೆ ಬೆರೆಸಿದ ಆರ್ಗನ್: ಇಂಥದ್ದಕ್ಕೆ ಜಿಕೆ-3 ಧಾರಾಳವಾಗಿ ಸಾಕು. ವೇಗದ ಪಿಯಾನೊ ಸಾಲು, ಬಿಗಿ ತಾಳದ ಸ್ಲ್ಯಾಪ್ ಬಾಸ್ ಇದರಿಂದ ನಿರೀಕ್ಷಿಸುವವರು ಒಂದು ಕೀಬೋರ್ಡ್ ಕೊಳ್ಳುವುದು ಲೇಸು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಯಾವ ತಲೆಮಾರಿನದೆಂದು ನೋಡಿ. 2023ರಲ್ಲಿ ರೋಲ್ಯಾಂಡ್‌ನದೇ ಬಾಸ್ (Boss) ಕಂಪನಿ ಜಿಕೆ-5 ಪಿಕಪ್ಪನ್ನೂ ಜಿಎಂ-800 ಪೆಟ್ಟಿಗೆಯನ್ನೂ ತಂದಿತು. ಅವು 13 ಪಿನ್ ಬಿಟ್ಟು ಡಿಜಿಟಲ್ ಸೀರಿಯಲ್ ಜಿಕೆ ಬಳಸುತ್ತವೆ, ತುದಿ ಟಿಆರ್‌ಎಸ್ ಜ್ಯಾಕ್. ಜಿಕೆ-3ಯನ್ನು ಜಿಎಂ-800ಕ್ಕೆ ಸೇರಿಸಲು ನಡುವೆ ಜಿಕೆಸಿ-ಎಡಿ ಎಂಬ ಪರಿವರ್ತಕ ಬೇಕು. ಜಿಕೆ-5ನ್ನು ಹಳೆಯ ಜಿಆರ್-55ಕ್ಕೆ ಸೇರಿಸಲು ಜಿಕೆಸಿ-ಡಿಎ. ಹೊಸ ಕೇಬಲ್ಲಿನ ತುದಿ ನೋಡಲು ಮಾಮೂಲಿ ಜ್ಯಾಕಿನಂತೆಯೇ ಇದೆ ಎಂದು ಚೀಲದಲ್ಲಿರುವ ಗಿಟಾರ್ ಕೇಬಲ್ ಚುಚ್ಚಿದರೆ ಏನೂ ಕೇಳುವುದಿಲ್ಲ, ಅದಕ್ಕೆಂದೇ ಮಾಡಿದ ಕೇಬಲ್ ಬೇರೆ ಇದೆ.