ಜರ್ಬೆರಾ ಎಲೆ ಹಳದಿಗೆ ಎರಡು ಪೆನ್ನು: ಒಂದರ ದುಡ್ಡು ವಸೂಲಿ, ಇನ್ನೊಂದು ಅರೆಬರೆ

ಜರ್ಬೆರಾ ಹೂ ಬಿಡೋ ಹೊತ್ತಿಗೆ ಎಲೆ ಹಳದಿಯಾದರೆ ಪಾಲಿಹೌಸಿನವರು ಮೊದಲು ಮಾಡುವ ಕೆಲಸ ಗೊಬ್ಬರದಂಗಡಿಗೆ ಹೋಗಿ ಲಘು ಪೋಷಕಾಂಶದ ಪ್ಯಾಕೆಟ್ ತರುವುದು. ಅದಕ್ಕೂ ಮುಂಚೆ ನೀರಿನ ಹುಳಿ-ಕ್ಷಾರ ಅಳೆಯುವ ಪಿಎಚ್ ಪೆನ್ನು, ಕರಗಿದ ಉಪ್ಪಿನಂಶ ತೋರಿಸುವ ಟಿಡಿಎಸ್ ಪೆನ್ನು ಕೈಯಲ್ಲಿರಬೇಕು. ಆನ್‌ಲೈನ್‌ನಲ್ಲಿ ಸಾಧಾರಣ ಮಾಲು ಎರಡೂ ಸೇರಿ ಎರಡು ಸಾವಿರದೊಳಗೆ ಸಿಗುತ್ತದೆ. ಚಿಕ್ಕಬಳ್ಳಾಪುರದ ಬೋರ್ ನೀರಿನಲ್ಲಿ, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಕುಂಡದ ಬೆಳೆಗೆ ಪಿಎಚ್ ಪೆನ್ನಿಗೆ ಐದಕ್ಕೆ ನಾಲ್ಕು, ಟಿಡಿಎಸ್ ಪೆನ್ನಿಗೆ ಎರಡೂವರೆ ಅಂಕ ಕೊಡಬಹುದು.

ಪೆನ್ನು ಅದ್ದುವ ಮುಂಚೆ ಗಿಡ ನೋಡಿ. ಸುಳಿಯ ಹೊಸ ಎಲೆ ನಿಂಬೆ ಹಳದಿ, ಅದರ ಮೇಲೆ ನರಗಳು ಮಾತ್ರ ಹಸಿರು ದಾರದ ಬಲೆಯ ಹಾಗೆ ಎದ್ದು ಕಂಡರೆ ಕಬ್ಬಿಣ ಸಿಗುತ್ತಿಲ್ಲ. ಅದೇ ಬಲೆ ಕೆಳಗಿನ ಹಳೆ ಎಲೆಯಲ್ಲಿದ್ದರೆ ಮೆಗ್ನೀಷಿಯಂ. ಹಳೆ ಎಲೆ ನರ ಸಮೇತ ಪೂರ್ತಿ ಬಿಳಚಿಕೊಂಡರೆ ಸಾರಜನಕ. ಗಿಡದೊಳಗೆ ಸಾರಜನಕ, ಮೆಗ್ನೀಷಿಯಂ ಓಡಾಡುತ್ತವೆ, ಹಳೆ ಎಲೆಯಿಂದ ಕಿತ್ತು ಹೊಸ ಚಿಗುರಿಗೆ, ಮೊಗ್ಗಿಗೆ ಹೋಗುತ್ತವೆ. ಕಬ್ಬಿಣ ಇದ್ದಲ್ಲೇ ಇರುತ್ತದೆ. ಹೂವಿನ ಭರಾಟೆಯಲ್ಲಿ ತೀರಾ ಕೆಳಗಿನ ಒಂದೆರಡು ಎಲೆ ಹಳದಿಯಾದರೆ ಅದಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ.

ಪಿಎಚ್ ಪೆನ್ನಿನ ನಿಜವಾದ ಕೆಲಸ ಸುಳಿ ಹಳದಿಯಲ್ಲಿ. ಜರ್ಬೆರಾಗೆ ಬೇರಿನ ಹತ್ತಿರ 5.5ರಿಂದ 6.2 ಇರಬೇಕು. ನಮ್ಮ ಕಡೆ ಬೋರ್ ನೀರಿನಲ್ಲಿ ಬೈಕಾರ್ಬೊನೇಟ್ ಜಾಸ್ತಿ, ದಿನಾ ಹರಿದಷ್ಟೂ ಕೊಕೊಪೀಟಿನ ಪಿಎಚ್ ಮೇಲಕ್ಕೇರುತ್ತದೆ. ಟ್ಯಾಂಕಿಗೆ ಕಬ್ಬಿಣ ಹಾಕಿಯೇ ಇರುತ್ತಾರೆ, ಗಿಡಕ್ಕೆ ಸಿಗುವುದಿಲ್ಲ. ಕಬ್ಬಿಣವನ್ನು ಕರಗಿದ ರೂಪದಲ್ಲೇ ಹಿಡಿದಿಡುವ ಚೀಲೇಟ್‌ಗಳಲ್ಲಿ ಅಗ್ಗದ ಇಡಿಟಿಎ ಪಿಎಚ್ 6.5 ದಾಟಿದರೆ ಹಿಡಿತ ಬಿಡುತ್ತದೆ, ಡಿಟಿಪಿಎ ಸುಮಾರು 7ರವರೆಗೆ ತಡೆಯುತ್ತದೆ, ಕೆಂಗಂದು ಬಣ್ಣದ ಇಡಿಡಿಎಚ್‌ಎ ಅದಕ್ಕೂ ಮೇಲೆ ನಿಲ್ಲುತ್ತದೆ. ಪೆನ್ನು 7.1 ತೋರಿಸುವಾಗ ಇಡಿಟಿಎ ಇನ್ನೊಂದು ಪ್ಯಾಕೆಟ್ ಸುರಿದರೆ ದುಡ್ಡು ಚರಂಡಿಗೆ.

ಎಲ್ಲರೂ ತಪ್ಪುವುದು ಅಳೆಯುವ ಜಾಗದಲ್ಲಿ. ಟ್ಯಾಂಕಿನ ನೀರು ಅಳೆದರೆ ಸಾಲದು. ಒಂದು ಡ್ರಿಪ್ಪರ್ ಡಬ್ಬಿಯೊಳಗೆ ಬಿಡಿ, ಪಕ್ಕದ ಕುಂಡದ ಅಡಿಗೆ ತಟ್ಟೆ ಇಡಿ. ಡ್ರಿಪ್ ನಿಂತ ಮೇಲೆ ಎರಡನ್ನೂ ಅಳೆಯಿರಿ. ಕೊಟ್ಟದ್ದು 5.8, ಬಸಿದದ್ದು 7.1 ಅಂದರೆ ತಕರಾರು ಬೇರಿನ ಹತ್ತಿರ. ಬಸಿನೀರು ಕೊಟ್ಟದ್ದರ ಶೇ. 20–30 ಇರಬೇಕು, ಅದಕ್ಕಿಂತ ಕಡಿಮೆಯಿದ್ದರೆ ಉಪ್ಪು ಕುಂಡದಲ್ಲೇ ಕೂರುತ್ತದೆ.

ಆಸಿಡ್ ಲೆಕ್ಕಕ್ಕೂ ಇದೇ ಪೆನ್ನು. 990 ಮಿ.ಲೀ. ನೀರಿಗೆ 10 ಮಿ.ಲೀ. ನೈಟ್ರಿಕ್ ಆಸಿಡ್ ಬಿಡಿ. ಆಸಿಡ್ಡೇ ನೀರಿಗೆ ಬೀಳಬೇಕು, ನೀರನ್ನು ಆಸಿಡ್ಡಿಗೆ ಹುಯ್ಯಬಾರದು. ಕೈಗವಸು, ಕನ್ನಡಕ ಬೇಕೇ ಬೇಕು. ಬಕೆಟ್ಟಿನಲ್ಲಿ 10 ಲೀಟರ್ ಬೋರ್ ನೀರು ತೆಗೆದುಕೊಂಡು ಈ ತೆಳು ದ್ರಾವಣವನ್ನು 10–10 ಮಿ.ಲೀ. ಹಾಕಿ ಕಲಕುತ್ತಾ 5.8ಕ್ಕೆ ಇಳಿಸಿ. ಬಿದ್ದ ಪ್ರತಿ 10 ಮಿ.ಲೀ.ಗೆ 1000 ಲೀಟರ್ ಟ್ಯಾಂಕಿಗೆ 10 ಮಿ.ಲೀ. ಆಸಿಡ್ ಎಂದು ಲೆಕ್ಕ. 20 ನಿಮಿಷ ಬಿಟ್ಟು ಮತ್ತೆ ನೋಡಿ, ಗ್ಯಾಸ್ ಹೋದ ಮೇಲೆ ಓದು ಏರುತ್ತದೆ. ಗಡಸು ನೀರಿಗೆ ಫಾಸ್ಪರಿಕ್ ಒಂದನ್ನೇ ಹಾಕಿದರೆ ರಂಜಕ ಮಿತಿಮೀರಿ ಕಬ್ಬಿಣವನ್ನೇ ಕಟ್ಟಿಹಾಕುತ್ತದೆ. ನೈಟ್ರಿಕ್ಕಿನಿಂದ ಬರುವ ಸಾರಜನಕವನ್ನು ಗೊಬ್ಬರದ ಲೆಕ್ಕದಲ್ಲಿ ಕಳೆಯುವುದನ್ನು ಮರೆಯಬೇಡಿ.

ಪಿಎಚ್ ಪೆನ್ನಿಗೆ ಒಂದು ಅಂಕ ಕಳೆದದ್ದು ಗಾಜಿನ ತುದಿಯ ನಾಜೂಕಿಗೆ. ಅದು ಒಣಗಿದರೆ ಪೆನ್ನು ಸುಳ್ಳು ಹೇಳಲು ಶುರು. ಮುಚ್ಚಳದ ಸ್ಪಾಂಜಿಗೆ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ಬಿಡಬೇಕು, ಡಿಸ್ಟಿಲ್ಡ್ ವಾಟರ್ ಅಲ್ಲ. ವಾರಕ್ಕೊಮ್ಮೆ ಪಿಎಚ್ ಗೊತ್ತಿರುವ ದ್ರಾವಣಗಳಲ್ಲಿ ಅದ್ದಿ ಓದನ್ನು 6.86ಕ್ಕೆ, ಆಮೇಲೆ 4.00ಕ್ಕೆ ಕೂರಿಸಿ. ಆ ದ್ರಾವಣ ಮಾಡಲು ಪೆನ್ನಿನ ಜೊತೆಗೆ ಬರುವ ಪುಡಿಗೆ ಮಾತ್ರ 250 ಮಿ.ಲೀ. ಡಿಸ್ಟಿಲ್ಡ್ ವಾಟರೇ ಬೇಕು. ಬೋರ್ ನೀರಿನಲ್ಲಿ ಕಲಸಿದರೆ ಕೂರಿಸಿದ್ದೇ ತಪ್ಪು.

ಟಿಡಿಎಸ್ ಪೆನ್ನಿನ ತೊಡಕು ಬೇರೆ. ಅದು ಅಳೆಯುವುದು ಇಸಿ (ನೀರು ಎಷ್ಟು ವಿದ್ಯುತ್ ಹರಿಯಬಿಡುತ್ತದೆ ಎಂಬುದು), ತೋರಿಸುವುದು ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಎಷ್ಟು ಉಪ್ಪು ಎಂಬುದು). ಕೆಲವು ಪೆನ್ನು ಇಸಿಯನ್ನು 500ರಿಂದ ಗುಣಿಸುತ್ತವೆ, ಕೆಲವು 700ರಿಂದ. ಹಾಗಾಗಿ 800 ಪಿಪಿಎಂ ಎಂದರೆ ಒಂದರಲ್ಲಿ ಇಸಿ 1.6, ಇನ್ನೊಂದರಲ್ಲಿ 1.14. ಜರ್ಬೆರಾಗೆ 1.5ರಿಂದ 1.8 ಸಾಕು. 500ರ ಪೆನ್ನು ಹಿಡಿದು 700ರ ಚಾರ್ಟ್ ನೋಡಿದವರು ಗೊಬ್ಬರ ಏರಿಸುತ್ತಾರೆ, ಎಲೆ ಅಂಚು ಸುಡುತ್ತದೆ. ಕೊಳ್ಳುವುದಾದರೆ ಇಸಿ ಬಟನ್ ಇರುವುದನ್ನೇ ಕೊಳ್ಳಿ.

ಇನ್ನೂ ದೊಡ್ಡ ಮಿತಿ ಒಂದಿದೆ. ಬಸಿನೀರಿನಲ್ಲಿ ಇಸಿ 2.6 ಬಂದರೆ ಅದು ಗೊಬ್ಬರವೋ ಸೋಡಿಯಂ ಉಪ್ಪೋ ಪೆನ್ನಿಗೆ ಗೊತ್ತಾಗುವುದಿಲ್ಲ. ಸರಿಯಾಗಿ ತೊಳೆಯದ, ಕ್ಯಾಲ್ಸಿಯಂ ನೈಟ್ರೇಟಿನಲ್ಲಿ ನೆನೆಸದ ಕೊಕೊಪೀಟ್ ಸೋಡಿಯಂ, ಪೊಟ್ಯಾಶ್ ಬಿಟ್ಟುಕೊಟ್ಟು ಕ್ಯಾಲ್ಸಿಯಂ, ಮೆಗ್ನೀಷಿಯಂ ನುಂಗುತ್ತದೆ. ಪೆನ್ನಿನಲ್ಲಿ ಎಲ್ಲ ಸರಿಯಿದ್ದೂ ಹಳೆ ಎಲೆ ಹಳದಿಯಾಗುವುದು ಹೀಗೆ. ಆಗ ಮೆಗ್ನೀಷಿಯಂ ಸಲ್ಫೇಟ್ ಲೀಟರಿಗೆ 5 ಗ್ರಾಂ, ಸಂಜೆ ಹೊತ್ತು ಎಲೆಗೆ ಸಿಂಪಡಿಸಿ, ಹೂವಿಗೆ ಬೀಳದಂತೆ. ಹಳದಿಯಾದ ಎಲೆ ಪೂರ್ತಿ ಹಸಿರಾಗದೇ ಹೋಗಬಹುದು. ಮುಂದಿನ ಎಲೆಗಳನ್ನು ನೋಡಿ ತೀರ್ಮಾನಿಸಿ.

ಎರಡೂ ಓದು ಸರಿಯಿದ್ದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಹಿಡಿದು ಎಲೆಯ ತಳ ನೋಡಿ, ಸಣ್ಣ ಹಳದಿ ಚುಕ್ಕಿಗಳ ಹಿಂದೆ ನುಸಿ ಇರುತ್ತದೆ. ಒಂದು ಗಿಡ ಎತ್ತಿ ಬೇರು ಕಂದಾಗಿ ಮೆತ್ತಗಾಗಿದೆಯೇ ನೋಡಿ. ಅಲ್ಲೂ ಏನೂ ಸಿಗದಿದ್ದರೆ ಲ್ಯಾಬ್ ಪರೀಕ್ಷೆಯೇ ಗತಿ. ಎಲ್ಲಿ ಮಾಡಿಸಬೇಕೆಂದು ಚಿಂತಾಮಣಿಯ ಕುರುಬೂರು ಅಥವಾ ಕೋಲಾರದ ಟಮಕದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ನೀರಿನಲ್ಲಿ ಬೈಕಾರ್ಬೊನೇಟ್, ಸೋಡಿಯಂ ಎರಡನ್ನೂ ಕೇಳಿ ಬರೆಸಿ. ಎಲೆ ಕೊಡುವಾಗ ಈಗಷ್ಟೇ ಬಲಿತವನ್ನು ಆರಿಸಿ, ಚೆನ್ನಾಗಿರುವ ಗಿಡದ್ದು ಬೇರೆ, ಹಳದಿ ಗಿಡದ್ದು ಬೇರೆ, ಪೇಪರ್ ಕವರಿನಲ್ಲಿ ಹಾಕಿ. ಪ್ಲಾಸ್ಟಿಕ್ಕಿನಲ್ಲಿಟ್ಟರೆ ಬೆವೆತು ಕೊಳೆಯುತ್ತವೆ.