ಟೆಲಿ-ಮಾನಸ್ 14416: ಕಲಬುರಗಿ ಕಡೆಯವರು ಕರೆ ಮಾಡುವ ಮುನ್ನ

ವರ್ಷಗಟ್ಟಲೆ ಮೈಗಂಟಿಕೊಂಡ ಒತ್ತಡಕ್ಕೆ ಪುಕ್ಕಟೆ ಸಿಗುವ ನೆರವುಗಳಲ್ಲಿ ಮಾನಸಿಕ ಆರೋಗ್ಯದ ಫೋನ್ ಸಹಾಯವಾಣಿ ಟೆಲಿ-ಮಾನಸ್ ಮೇಲಿನ ಸಾಲಿನದು. ಕೇಂದ್ರ ಆರೋಗ್ಯ ಇಲಾಖೆ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಬೆನ್ನೆಲುಬಾಗಿದೆ. ಹಗಲಿರುಳು ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮೊದಲು ಆಪ್ತಸಮಾಲೋಚಕರು ಸಿಗುತ್ತಾರೆ. ಅಗತ್ಯ ಕಂಡರೆ ಮನೋವೈದ್ಯರಿಗೆ ದಾಟಿಸುತ್ತಾರೆ. 2024ರಲ್ಲಿ ವಿಡಿಯೋ ಸಮಾಲೋಚನೆ ಬಂದಾಗ ಮೊದಲಿಗೆ ಸಿಕ್ಕ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಆದರೆ ಈ ಸೇವೆಯ ಫಲ ಅರ್ಧ ನಮ್ಮ ಕೈಯಲ್ಲೇ ಇದೆ. "ಭಾಳ ಟೆನ್ಷನ್ ಆಗ್ಯಾದ್ರಿ" ಎಂದಷ್ಟೇ ಹೇಳಿದರೆ ಆ ಕಡೆಯವರಿಗೆ ಹಿಡಿದುಕೊಳ್ಳಲು ಎಳೆಯೇ ಸಿಗುವುದಿಲ್ಲ. ತುರ್ತಿಲ್ಲದಿದ್ದರೆ ಒಂದು ವಾರ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ: ಮಲಗಿದ್ದು, ಎದ್ದಿದ್ದು, ನಡುರಾತ್ರಿ ಎಚ್ಚರವಾದದ್ದು ಎಷ್ಟು ಸಲ, ದಿನಕ್ಕೆ ಎಷ್ಟು ಚಾ, ಕೊನೆಯದು ಎಷ್ಟು ಗಂಟೆಗೆ, ಗುಟ್ಕಾ, ಬೀಡಿ, ಕುಡಿತ, ತಲೆನೋವು, ಎದೆ ಡವಡವ, ಹೊಟ್ಟೆ ಉರಿ. ತೊಗರಿ ಬೆಳೆಯ ಸಾಲ, ಮನೆಯ ಜಗಳವನ್ನೂ ಮುಚ್ಚಿಡಬೇಡಿ.

ಫೋನಿಗೆ ಕಾಣದ ಸಂಗತಿಗಳೂ ಇವೆ. ಥೈರಾಯ್ಡ್ ಹೆಚ್ಚಾದರೂ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ರಕ್ತಹೀನತೆ, ಬಿ12 ಕೊರತೆಯಿಂದಲೂ ಸುಸ್ತು, ಸಿಡಿಮಿಡಿ ಬರುತ್ತದೆ. ಹಿಮೋಗ್ಲೋಬಿನ್, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಬಿ12, ಸಕ್ಕರೆ ಮತ್ತು ಬಿಪಿಯನ್ನು ಒಮ್ಮೆ ನೋಡಿಸದೆ ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟುವುದು ತಪ್ಪು. ಬಿಪಿ ನೋಡುವ ಮುಂಚಿನ ಅರ್ಧ ತಾಸು ಚಾ, ತಂಬಾಕು ಬೇಡ. ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಸುಮ್ಮನೆ ಕೂತು, ತೋಳು ಎದೆಯ ಮಟ್ಟಕ್ಕಿಟ್ಟು, ನಿಮಿಷದ ಅಂತರದಲ್ಲಿ ಎರಡು ಸಲ ನೋಡಬೇಕು. ಆಸ್ಪತ್ರೆಯ ಮೆಟ್ಟಿಲು ಹತ್ತಿ ಬಂದ ಕೂಡಲೇ ನೋಡಿದ ಅಂಕಿಯನ್ನು ನಂಬಬೇಡಿ.

ಉಸಿರಾಟದ ಅಭ್ಯಾಸದಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. ಜೋರಾಗಿ ಎದೆ ತುಂಬ ಎಳೆಯುತ್ತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ತಿರುಗುತ್ತದೆ, ಬೆರಳು ಜುಮ್ಮೆನ್ನುತ್ತವೆ, ಹೆದರಿ ಬಿಟ್ಟುಬಿಡುತ್ತಾರೆ. ಮೂಗಿನಿಂದ ಮೆತ್ತಗೆ ನಾಲ್ಕು ಎಣಿಸುವಷ್ಟು ಒಳಕ್ಕೆ, ಆರು ಎಣಿಸುವಷ್ಟು ಹೊರಕ್ಕೆ. ನಿಮಿಷಕ್ಕೆ ಆರು ಉಸಿರು, ಬೆಳಿಗ್ಗೆ ಸಂಜೆ ಐದೈದು ನಿಮಿಷ ಸಾಕು.

ಚಾದ ವಿಷಯ ನಮ್ಮ ಭಾಗದಲ್ಲಿ ಮುಖ್ಯ. ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ತಾಸು ಬೇಕು. ಸಂಜೆ ಆರರ ಚಾದ ಅರ್ಧ ಪಾಲು ರಾತ್ರಿ ಹನ್ನೊಂದಕ್ಕೂ ಮೈಯಲ್ಲಿರುತ್ತದೆ. ಒಮ್ಮೆಲೇ ಬಿಟ್ಟರೆ ತಲೆನೋವು ಬರಬಹುದು, ಮೂರ್ನಾಲ್ಕು ದಿನಕ್ಕೊಂದು ಕಪ್ಪಿನಂತೆ ಇಳಿಸಿ. ನಡಿಗೆ ವಾರದಲ್ಲಿ ಐದು ದಿನ ಅರ್ಧರ್ಧ ತಾಸು ಸಾಕು. ಅಪ್ಪನ ಕೆರೆಯ ಸುತ್ತಲಾದರೂ ಸರಿ, ಹೊಲದ ದಾರಿಯಾದರೂ ಸರಿ, ಬೇಸಿಗೆಯಲ್ಲಿ ಮಾತ್ರ ಬಿಸಿಲೇರುವ ಮುಂಚೆ ಮುಗಿಸಿ. ಸೆಕೆಗೆ ನಿದ್ದೆ ಕೆಟ್ಟರೂ ಏಳುವ ಹೊತ್ತನ್ನು ಬದಲಿಸಬೇಡಿ.

ಟೆಲಿ-ಮಾನಸ್‌ನ ಮಿತಿಯನ್ನೂ ಹೇಳಬೇಕು. ಎರಡನೇ ಸಲವೂ ಮೊದಲಿನ ಸಮಾಲೋಚಕರೇ ಸಿಗುತ್ತಾರೆಂದು ನೆಚ್ಚಿಕೊಳ್ಳಲಾಗದು. ಹಿಂದಿನ ಮಾತುಕತೆಯ ಸಾರ ಬರೆದಿಟ್ಟುಕೊಂಡರೆ ಮೊದಲಿನಿಂದ ಹೇಳುವ ದಣಿವು ತಪ್ಪುತ್ತದೆ. ಸಾಯುವ ಯೋಚನೆ ಬರುತ್ತಿದ್ದರೆ ಹಾಳೆ, ಪರೀಕ್ಷೆ ಯಾವುದಕ್ಕೂ ಕಾಯದೆ ಈಗಲೇ ಕರೆ ಮಾಡಿ. ಮನೆಯವರು ಅಂಥವರನ್ನು ಒಬ್ಬರನ್ನೇ ಬಿಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಎದುರಾಎದುರು ತೋರಿಸಬೇಕೆಂದರೆ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್ ಎಂಬ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಮಾನಸಿಕ ಆರೋಗ್ಯ ತಪಾಸಣೆ ಇರುತ್ತದೆ, ಹೊರಡುವ ಮುಂಚೆ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ಖಿನ್ನತೆಯ ಮಾತ್ರೆ ಬರೆದುಕೊಟ್ಟರೆ ಗುಣ ಕಾಣಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ; ಎಂಟನೇ ದಿನಕ್ಕೇ "ಏನೂ ಆಗಲಿಲ್ಲ" ಎಂದು ನಿಲ್ಲಿಸುವವರೂ ಇದ್ದಾರೆ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ನಿದ್ದೆಗುಳಿಗೆ ಚಟವಾಗುವ ಜಾತಿಯದು. ಈಗಾಗಲೇ ನುಂಗುತ್ತಿದ್ದರೆ ದಿಢೀರನೆ ನಿಲ್ಲಿಸದೆ, ವಾರವಿಡೀ ಬರೆದಿಟ್ಟ ಆ ಹಾಳೆಯ ಜೊತೆ ಗುಳಿಗೆಯ ಸ್ಟ್ರಿಪ್ಪನ್ನೂ ವೈದ್ಯರ ಮೇಜಿನ ಮೇಲಿಡಿ.